ಹಳದಿ ತಂತಿಯೊಂದೇ ಸಾಕು

ತೈಮಿ ಚಿಕ್ಕಮ್ಮ ತೀರಿಕೊಂಡ ಮೇಲೆ
ತುರ್ಕುವಿನಿಂದ ಬಸ್ಸಿನಲ್ಲಿ ಬಂತು ಬಾಳೆಹಣ್ಣಿನ ಪೆಟ್ಟಿಗೆ:
ಹತ್ತೊಂಬತ್ತು ಕ್ಯಾಸೆಟ್ಟು, ಎಲ್ಲವೂ ಅಮ್ಮ ಬರೆದದ್ದು.
ಬರೆದದ್ದು ಎಂದರೆ ಕೈಯಲ್ಲಿ ಆಡಿದ್ದು.
ಅಕ್ಕತಂಗಿ ಇಬ್ಬರಿಗೂ ಕಿವಿ ಕೇಳದು,
ಫೋನು ಅವರ ಪಾಲಿಗೆ ಗೋಡೆಗೆ ಹೊಡೆದ ಗೂಟ.
ತಿಂಗಳಿಗೊಮ್ಮೆ ಅಡುಗೆಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿ
ಅಮ್ಮ ಅದರೆದುರು ತೋಳು ಮಡಚಿ ಕೂರುತ್ತಿದ್ದಳು.

ಔಲುವಿನಲ್ಲಿ ಡಿಸೆಂಬರ್. ಎರಡೂವರೆಗೇ ಕತ್ತಲು.
ಕೆಮಿಯ ಮುದುಕನೊಬ್ಬನಿಂದ ಕೊಂಡ ಪ್ಲೇಯರು
ಪರೀಕ್ಷೆಗೆ ಹಾಕಿದ ಸ್ಕೀ ಪಂದ್ಯವನ್ನು ನುಂಗಿ, ಜಗಿದು, ಉಗಿಯಿತು.
ಮುಚ್ಚಳ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದವನ್ನು
ತಲೆಗೆ ಒತ್ತಿ ಹಿಡಿದರೆ ಕಂದು ಮಸಿ, ಮತ್ತೂ ಮಸಿ.
ಮೂರು ಗಂಟೆಯ ಟೇಪಿಗೆ ಮೂರೇ ಗಂಟೆ.
ಎಂಬತ್ತೇಳರ ಒಂದು ಮಧ್ಯಾಹ್ನ ಡಿಸ್ಕಿಗೆ ಇಳಿಯಬೇಕಾದರೆ
ಇಂದಿನದೊಂದು ಮಧ್ಯಾಹ್ನ ತೆರಲೇಬೇಕು.

ಪಕ್ಕದ ಕುರ್ಚಿಯಲ್ಲಿ ಅಮ್ಮ, ಕೆರ್ತು, ಎಪ್ಪತ್ತೈದು.
ಗಿಣ್ಣು ಊದಿ ಈಗ ಅವಳ ಬೆರಳೂ ತೊದಲು.
ತೆರೆಯ ಮೇಲಿನ ಕೈಗಳನ್ನು ನೋಡಿ
‘ಎಷ್ಟು ವಾಚಾಳಿ ಇವಳು’ ಎಂದಳು.
ಕೆಳಗಿಂದ ಬಿಳಿ ಗೀರು ಎದ್ದು
ಮಣಿಕಟ್ಟನ್ನು ಕತ್ತರಿಸಿದಾಗ ಪದ ನುಚ್ಚಾಗುತ್ತದೆ.
ಟ್ರ್ಯಾಕಿಂಗ್ ತಿರುವುತ್ತ, ಇಲ್ಲೇನಂದೆ ಎಂದು ಕೇಳುತ್ತೇನೆ.
ಒಮ್ಮೆ ‘ಆಲೂಗಡ್ಡೆ’ ಅನ್ನುತ್ತಾಳೆ, ಒಮ್ಮೆ ‘ನಿನ್ನಪ್ಪ’.

ಮಾತು ಆಡಿದರೆ ಹೋಯಿತು ಅನ್ನುವುದು ಬಾಯಿಯವರ ಗಾದೆ.
ಕೈ ಆಡಿದ್ದು ಇಲ್ಲೇ ಇದೆ,
ಅರ್ಧ ಇಂಚಿನ ಪಟ್ಟಿಯಲ್ಲಿ, ತುಸು ಬೂಷ್ಟು ಹಿಡಿದು.

ಚಿತ್ರಕ್ಕೆ ಹಳದಿ ತಂತಿಯೊಂದೇ ಸಾಕು.
ಕೆಂಪು, ಬಿಳಿ ಎರಡೂ ಮೇಜಿನ ಹಿಂದೆ ಜೋಲುತ್ತಿದ್ದವು
ಆರು ಕ್ಯಾಸೆಟ್ಟು ಮುಗಿಯುವ ತನಕ.
ಯಾರಿಗೆ ಬೇಕಿತ್ತು ಸದ್ದು?
ಏಳನೆಯದಕ್ಕೆ, ಧೂಳು ಒರೆಸುವಾಗ, ಸುಮ್ಮನೆ ಚುಚ್ಚಿದೆ.

ಮೊದಲು ಬರೀ ಗಾಳಿ.
ಆಮೇಲೆ ನಮ್ಮ ಹಳೆಯ ಫ್ರಿಜ್ಜು, ಅದೇ ಗೊರಕೆ.
ಅಂಗೈಗೆ ಅಂಗೈ ತಾಗುವ ಚಟ್ ಚಟ್,
ತೋಳಿನ ಉಣ್ಣೆ ಉಜ್ಜುವುದು,
ನಗುವಾಗ ಮೂಗಿನಿಂದ ಹಾರುವ ಉಸಿರು.
ಆಮೇಲೆ ದೂರದ ಕೋಣೆಯಲ್ಲೊಂದು ಕೂಸು. ನಾನೇ.

ಅಳುತ್ತೇನೆ, ಅಳುತ್ತಲೇ ಇದ್ದೇನೆ.
ಅಮ್ಮ ತಂಗಿಗೆ ಹೇಳುತ್ತಲೇ ಇದ್ದಾಳೆ:
‘ಆರ್ನೆಗೆ ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಅದಕ್ಕೇ ನಾನು...’
ಕಿಟಕಿಯ ಮೇಲಿನ ದೀಪ ಮಿನುಕಿತು.
ಅಳುವಿಗೆ ಹೊತ್ತುವ ದೀಪ, ಅಪ್ಪನೇ ಕಟ್ಟಿದ್ದು.
ಕೈಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.
ಖಾಲಿ ಕುರ್ಚಿ. ನಾಲ್ಕು ನಿಮಿಷ.

ಹಿಂದಿನ ಆರರಲ್ಲೂ ಇಂಥ ಖಾಲಿ ಕುರ್ಚಿಗಳಿದ್ದವು.
ಡಿಸ್ಕಿಗೆ ಇಳಿಸದೆ ದಾಟಿಸಿದ್ದೆ.

ಈಗ ಆ ಕುರ್ಚಿಯ ಹಿಂದಿನಿಂದ ಒಂದು ಗಂಟಲು:
ದಪ್ಪ, ಒರಟು, ಏರಲೂ ಇಳಿಯಲೂ ಅರಿಯದ್ದು,
ಹಸು ಕರುವಿಗೆ ಮೂಗಿನಲ್ಲೇ ಏನೋ ಹೇಳುವ ಹಾಗೆ.
ಅಳು ನಿಂತಿತು.

‘ನೀನು ಗುನುಗುತ್ತಿದ್ದೆ’ ಎಂದೆ.
‘ಸುಳ್ಳು.’
ಸ್ವಲ್ಪ ಹೊತ್ತು ಬಿಟ್ಟು, ‘ಜೋರಾಗಿತ್ತೇ?
ಕೆಳಮನೆಯವರಿಗೆ ಕೇಳಿಸುವಷ್ಟು?’
‘ಕೇಳಿಸುವಷ್ಟು.’
‘ಶಾಲೆಯಲ್ಲಿ ಕೈಗೆ ಹೊಡೆದು ತೆಗೆಸುತ್ತಿದ್ದರು ದನಿ.
ಅಂದೇ ಬಿಟ್ಟುಬಿಟ್ಟೆ’ ಎಂದಳು,
ಕೆನ್ನೆ ಕೆಂಪಾಗಿತ್ತು.

ತೆರೆಯ ಅಮ್ಮ ಮರಳಿ ಬಂದಳು, ಹೆಗಲ ಮೇಲೆ ಹಾಲಿನ ಕಲೆ.
ಬಿಟ್ಟ ಮಾತು ಮರೆತು ಬೂಟಿನ ಬೆಲೆ ಶುರುಮಾಡಿದಳು.
‘ಅದಕ್ಕೇ ನಾನು, ಏನು?’ ಎಂದು ಕೇಳಿದೆ.
‘ತೈಮಿಗೆ ಗೊತ್ತಿತ್ತು’ ಎಂದಳು ಈ ಕಡೆಯವಳು.

ಏಳನ್ನು ತೆಗೆದಿಟ್ಟು ಒಂದನೆಯದರಿಂದ ಮತ್ತೆ ಹಚ್ಚಿದೆ,
ಮೂರೂ ತಂತಿ ಚುಚ್ಚಿ.
ಅಮ್ಮ ಎದ್ದು ಬಂದು ಸ್ಪೀಕರಿಗೆ ಅಂಗೈ ಒತ್ತಿದಳು.
ಹುಬ್ಬು ಎತ್ತಿದಳು.
ಫ್ರಿಜ್ಜು, ಎಂದೆ.
ಇನ್ನೂ ಫ್ರಿಜ್ಜೇ.