ಹಿಂದಿನ ಖೋಲಿ

ಮಂಗಳವಾರ ಸಂಜೀಕ ಬಂದರು, ರಿಕ್ಷಾದಾಗ.
ಎರಡು ಗೋಣಿಚೀಲ, ಒಂದು ಸ್ಟೋವು,
ಹಳೇ ಸೀರಿಯೊಳಗ ಸುತ್ತಿದ ದೇವರ ಫೋಟೊ,
ಮೂಗು ಸೋರೂ ಒಂದು ಹುಡುಗಿ.
ಗಂಡಸು ನವಘನ. ಉದ್ಯಮಬಾಗದ ಫೌಂಡ್ರಿಯೊಳಗ
ಕೆಲಸ ಸಿಕ್ಕೈತಿ ಅಂದ, ಹರಕು ಮುರಕು ಹಿಂದಿಯೊಳಗ.
ನನ್ನ ಹಿಂದೀನೂ ಅಷ್ಟರಾಗ ಐತಿ, ಹಿಂಗಾಗಿ
ವ್ಯವಹಾರ ಲಗೂನ ಮುಗೀತು.

ಆಧಾರದ ಝೆರಾಕ್ಸು ಕೊಟ್ಟ. ಅದರ ಮ್ಯಾಲಿನ ಅಕ್ಷರ
ಕನ್ನಡ ಅಂತ ತಿಳದು ಓದಾಕ ಹೋದೆ. ಬರಲಿಲ್ಲ.
ಚಾಳೀಸು ಒರಸಿ ಮತ್ತ ನೋಡಿದೆ:
ಹಂಗ ದುಂಡ, ಹಂಗ ಬಳ್ಳಿ ಬಳ್ಳಿ,
ತಲೀ ಮ್ಯಾಲೆ ಒಂದೊಂದು ಛತ್ರಿ ಹಿಡಕೊಂಡು ನಿಂತಾವು.
ದೊಡ್ಡಪ್ಪನ ಮಕ್ಕಳಂಗ ಮಾರಿ ಐತಿ,
ಖರೆ ನನ್ನ ಗುರತ ಹಿಡೀವಲ್ಲವು.

ಹುಡುಗೀ ಹೆಸರೇನು, ಕೈ ಮಾಡಿ ಕೇಳಿದೆ.
"ಲಿಪಿ."
ಹೆಸರು ಕೇಳಿದರ ಅಕ್ಷರದ ಸುದ್ದಿ ಹೇಳತೈತಲ್ಲ ಕೂಸು
ಅಂತ ನಕ್ಕೆ. ಯಾಕ ನಕ್ಕೆ ಅಂತ ಅವರಿಗೆ ತಿಳೀಲಿಲ್ಲ.
ಮೂರೂ ಮಂದಿ ನನ್ನ ಜೋಡಿ ನಕ್ಕರು, ಸುಮ್ಮ.

ಬಾಡಗಿ ಐದನೇ ತಾರೀಖು. ನಳ ಐದು ದಿನಕ್ಕೊಮ್ಮೆ.
ಗಚ್ಚಿ ಮ್ಯಾಲೆ ಅರಬಿ ಒಣಾಕಬ್ಯಾಡ್ರಿ, ಅದು ನಂದು.
ಇಷ್ಟು ಹೇಳಿ ಕದ ಹಾಕ್ಕೊಂಡೆ.

ನಮ್ಮ ಅನಗೋಳದ ಓಣಿ ಹಿಂಗ:
ಎಡಕಿನ ಮನಿ ಮರಾಠಿ, ಬಲಕಿನ ಮನಿ ಕನ್ನಡ,
ಎದರಿನ ಮನಿ ಸಿಟ್ಟು ಬಂದಾಗ ಒಂದು, ಬರದಾಗ ಒಂದು.
ನವಘನನ ಹೆಂಡತಿ ಮಿನತಿ ಕೊಡಾ ಹಿಡಕೊಂಡು
ಎಡಕ ಹೋಗಿ "ಪಾಣಿ" ಅಂದಳು. ತುಂಬಿ ಕೊಟ್ಟರು.
ಅದ ಮಾತು ಬಲಕಿನವರಿಗೆ ಅಂದಳು. ಕೊಟ್ಟರು ಖರೆ,
ಒಂದು ನಮೂನಿ ನೋಡಿ ಕೊಟ್ಟರು.
ನಾ ಕಟ್ಟಿಗೆ ಕರದು ಹೇಳಿದೆ: ಇಲ್ಲೆ ನೀರು ಅನಬೇಕು. ನೀರು.
"ನೀರ?" ಅಂದಳು, ಕಣ್ಣು ದೊಡ್ಡವಾದವು.
ಖೋಲಿಯೊಳಗಿನ ಫೋಟೊ ತೋರಿಸಿ ಕೈ ಮುಗದಳು.
ಅವರ ಕಡೆ ಅದು ಪೂಜಾದಾಗಷ್ಟ ಬರೂ ಮಾತಂತ,
ಗಂಡ ಆಮ್ಯಾಲೆ ಬಿಡಿಸಿ ಹೇಳಿದ.
ಅವತ್ತಿಂದ ನನ್ನ ನಳದ ಮುಂದ ನಿಂತು
ಮಂತ್ರ ಅಂದಂಗ ಅಂತಾಳ.

ರಾತ್ರಿ ಅನ್ನಕ್ಕ ನೀರು ಹೊಯ್ದಿಡತಾರ. ಮುಂಜಾನೆ ಅದನ್ನ
ಹಸಿಮೆಣಸಿನಕಾಯಿ ಕಡಕೊಂತ, ನಡಗಕೊಂತ ಉಣತಾರ.
ಮಾರ್ಗಶಿರದ ಬೆಳಗಾವಿ! ಬಾಯಾಗಿಂದ ಹೊಗಿ ಬರತೈತಿ.
ಬಿಸಿ ರೊಟ್ಟಿ ಕೊಟ್ಟೆ. ಲಿಪಿ ಅದನ್ನ ಎರಡೂ ಕೈಲೆ ಹಿಡದು
ಗಲ್ಲಕ್ಕ ಒತ್ತಿಕೊಂಡು ಕುಂತಿತು. ತಿನಲಿಲ್ಲ.

ನವಘನಂದು ರಾತ್ರಿ ಪಾಳಿ. ಆರಕ್ಕ ಬರತಾನ,
ಹುಬ್ಬಿನಾಗ ಕರೀ ಉಸುಕು.
ಒಂದ ತಂಬಗಿಯೊಳಗ ಮಾರಿ, ಕೈ, ಕಾಲು, ಎಲ್ಲಾ.

ಗುರುವಾರ ನಸಿಕಿನ್ಯಾಗ ಎದ್ದು, ದಿನದಂಗ,
ಅಂಗಳಕ್ಕ ನೀರು ಹೊಡದೆ. ಕತ್ತಲಿತ್ತು.
ಆಮ್ಯಾಲೆ ನೋಡತೇನಿ, ನೀರು ಬೆಳ್ಳಗಾಗಿ ಗಟಾರಕ್ಕ ಹೊಂಟೈತಿ.
ಅಕ್ಕಿ ರುಬ್ಬಿ, ಬೆರಳಿಲೆ ಬರದಿದ್ದಳು, ನಾ ಏಳೂದರಾಗ.
ಭತ್ತದ ತೆನಿ ಅರ್ಧ ಉಳದಿತ್ತು, ಲಕ್ಷ್ಮೀ ಪಾದ ನಾಕ.
ಮಿನತಿ ಕದದಾಗ ನಿಂತಿದ್ದಳು. ಏನೂ ಅನಲಿಲ್ಲ.
ಅನಾಕ ಮಾತರ ಎಲ್ಲಿದ್ದವು.
ಯರಗಟ್ಟಿಯಿಂದ ಮದಿವ್ಯಾಗಿ ಈ ಊರಿಗೆ ಬಂದಾಗ
ಅತ್ತಿ ಮರಾಠ್ಯಾಗ ಬೈದರ, ಬೈದದ್ದಂತ ತಿಳೀದ,
ನಾನೂ ಹೂಂ ಹೂಂ ಅಂತ ತಲಿ ಹಾಕತಿದ್ದೆ.
ಆ ಸುದ್ದಿ ಬಿಡ್ರಿ.

ಒಂದು ಬಟ್ಟಲ ಅಕ್ಕಿ ತಂದು ಅಕಿ ಮುಂದ ಇಟ್ಟೆ.
ಬಿಸಲು ಬರೂದರಾಗ ಮತ್ತ ಬರದಳು.
ಪಾದ ಗೇಟಿನಿಂದ ಸುರು ಆಗಿ, ನನ್ನ ಬಾಗಲಾ ದಾಟಿ,
ಸೀದಾ ಹಿಂದಿನ ಖೋಲಿಗೆ ಹೊಂಟಾವು.
"ಏನವಾ, ನಮ್ಮ ಮನಿ ಮುಂದ ಹಾದು ಹೋದರೂ
ನಿಮ್ಮ ಲಕ್ಷ್ಮೀ ಒಳಗ ಇಣಕಿ ಸೈತ ನೋಡೂದಿಲ್ಲೇನ?"
ಪಾದ ತೋರಿಸಿದೆ, ನನ್ನ ಬಾಗಲಾ ತೋರಿಸಿದೆ, ಕೈ ಆಡಿಸಿದೆ.
ತಿಳಿಯಾಕ ತಡಾ ಆತು. ತಿಳದ ಮ್ಯಾಲೆ
ಸೆರಗು ಬಾಯಿಗೆ ಹಚ್ಚಿ ನಕ್ಕಳು, ನಿಲ್ಲಲಾರದ.
ಬಟ್ಟಲ ಹಿಡಕೊಂಡು ಲಿಪಿ ಓಡಿ ಬಂತು.
ನನ್ನ ಹೊಸ್ತಿಲದ ಕಡೆ ಹೊಳ್ಳಿಸಿ ಎರಡು ಪಾದ ಬರೀತು,
ಅವಸರದಾಗ,
ಎರಡೂ ಎಡಗಾಲು.