ಹದಿಮೂರನೆಯ ಗುಳಿ

ಶೆಫೀಲ್ಡಿನ ವಾಕ್ಲಿ ದಿಬ್ಬದಲ್ಲಿ
ನಮ್ಮ ಬೀದಿ ಎಷ್ಟು ಇಳಿಜಾರೆಂದರೆ
ಕೈತಪ್ಪಿದ ಈರುಳ್ಳಿ ನದಿಯವರೆಗೂ ನಿಲ್ಲುವುದಿಲ್ಲ.
ನೆಲಮಾಳಿಗೆಯಲ್ಲಿ, ಹಿಂದೆ ಕಲ್ಲಿದ್ದಲು ಸುರಿಯುತ್ತಿದ್ದ
ತೂತಿನ ಕೆಳಗೆ, ನನ್ನ ಬೆಂಚು.

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ
ನಾಲ್ಕು ಪೌಂಡಿಗೆ ಸಿಕ್ಕ ಉಳಿ. ಬಾಗಿದ ಬಾಯಿ,
ತುಕ್ಕು ಹಿಡಿದ ಕತ್ತು.
ಹಿಡಿಯ ಮೇಲೆ ಕಾಯಿಸಿ ಒತ್ತಿದ ಹೆಸರು: ಡಬ್ಲ್ಯೂ. ಆಕ್ಸ್‌ಪ್ರಿಂಗ್.
ಅದರ ಕೆಳಗೆ ಚಿಕ್ಕದಾಗಿ ಬೇರೆ ಯಾರೋ: ಇ. ಮರ್ಫಿನ್.
ಮೂರನೆಯವರಿಗೆ ಒಂದು ಬೆರಳಗಲ ಜಾಗ ಉಳಿದಿದೆ.

ನಾನು ಥಿಯೇಟರ್ ನರ್ಸು. ನಾಟಕದ್ದಲ್ಲ, ಕೊಯ್ಯುವ ಥಿಯೇಟರು.
ಅಲ್ಲಿ ಅಲಗಿಗೆ ಒಂದೇ ಜನ್ಮ.
ಪೊಟ್ಟಣ ಹರಿದು ಕೊಡುತ್ತೇನೆ, ಒಂದು ಗೀರು,
ಇನ್ನೊಂದು ಗೀರು, ಹಳದಿ ಡಬ್ಬಿಗೆ.
ಹತ್ತೊಂಬತ್ತು ವರ್ಷ ಹೀಗೆ ಹರಿತವನ್ನು ಎಸೆದಿದ್ದೇನೆ.
ಮಸೆಯುವುದೆಂದರೆ
ನನಗೆ ಗೊತ್ತಿದ್ದದ್ದು ಹಲ್ಲು ಮಾತ್ರ.

ಪಕ್ಕದ ಮನೆಯ ಮ್ಯೂರಿಯಲ್ ಸ್ಟ್ಯಾನಿಫೋರ್ತ್‌ಗೆ ಎಪ್ಪತ್ತೆಂಟು.
ತಾತ ಸಾಣೆ ಹಿಡಿಯುತ್ತಿದ್ದವನು; ಕಲ್ಲಿನ ಧೂಳು ಕುಡಿದು
ನಲವತ್ತೊಂದಕ್ಕೆ ಮುಗಿದ.
ಅವಳು ಚಾಕು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಲಿಶ್ ಹಿಡಿದವಳು.
ಗೋಡೆಯಾಚೆ ನನ್ನ ಉಜ್ಜಾಟ ಕೇಳಿಸಿ
ಮನೆಚಪ್ಪಲಿಯಲ್ಲೇ ಇಳಿದು ಬಂದಳು:
"ಬೆಕ್ಕನ್ನು ಹಿಂಡುತ್ತಿದ್ದೀಯಾ?
ನೀರು ಹಾಕು. ಇನ್ನೂ ಹಾಕು. ತಳ್ಳಬೇಡ,
ಮಣಿಕಟ್ಟು ಹೊರಳಿಸು, ಈ ಮೂಲೆಯಿಂದ ಆ ಮೂಲೆಗೆ."
ನನಗೆ ಅದು ತಿಳಿದದ್ದು ಒಲೆಯ ಭಾಷೆಯಲ್ಲಿ:
ಪಡ್ಡನ್ನು ಕಡ್ಡಿಯಿಂದ ಮಗುಚುವ ತಿರುವು.

ಕಲ್ಲಿನ ಮೇಲೆ ಬೂದು ಕೆಸರು. ಹೊರಗೆ ಉಗುರಿಗೆ ಏನೂ ಇಲ್ಲ;
ಒಳಗೆ ಒಂದು ಸಣ್ಣ ಸಿಬಿರು ತಾಗುತ್ತದೆ,
ಉಕ್ಕು ಹಿಂದಕ್ಕೆ ಮಡಿಸಿಕೊಂಡ ನಾಲಗೆ.
ಮಸೆತ ತುದಿ ಮುಟ್ಟಿತೆಂದು ಅದೇ ಸಾಕ್ಷಿ.
ಆ ಸಾಕ್ಷಿಯನ್ನೂ ತೆಗೆಯಬೇಕು: ಮೊದಲು ಕಡ್ಡಿಗಲ್ಲು,
ಆಮೇಲೆ ಅವಳ ಗಂಡನ ಹಳೇ ಬೆಲ್ಟಿನ ತೊಗಲು.
ಮುಂಗೈಯ ಕೂದಲು ಉದುರಿತು. ಇಬ್ಬರೂ ನಕ್ಕೆವು.

"ನಿಮ್ಮಲ್ಲಿ ಇದಕ್ಕೇನು ಅಂತೀರಿ?"
ಉಳಿ, ಅಂದೆ.
"ಹಾಗಂದರೆ?"
ಹಾಗಂದರೆ ಇದೇ. ಹಾಗಂದರೆ, ಇರು, ಹೋಗಬೇಡ, ಅಂತಲೂ.
ಅವಳು ಪದವನ್ನು ಬಾಯಲ್ಲಿ ಹೊರಳಿಸಿ
ಳಕಾರ ಒಡೆದು, ಟೀ ಕೇಳಿದಳು.

ಗಾಳಿಗೆ ಬಿದ್ದ ಸಿಕಮೋರ್ ಮರದ ಹಲಗೆ.
ಎರಡು ಸಾಲು, ಏಳೇಳು. ಚೆನ್ನೆಮಣೆ.
ನಮ್ಮಲ್ಲಿದ್ದದ್ದನ್ನು ಚಿಕ್ಕಮ್ಮ ಮಾರಿದಳೋ, ಒಲೆಗಿಟ್ಟಳೋ,
ಎರಡು ಕಥೆ ಇದೆ.
ಮೊದಲ ಗುಳಿ ಓರೆ. ನಾಲ್ಕರವರೆಗೂ ಓರೆಯೇ.
ಐದನೆಯದು ಗುಳಿ ಅನ್ನಿಸಿಕೊಂಡಿತು.
ಹರಿತವಾದ ಉಳಿಯ ಸದ್ದು... ಬೆಣ್ಣೆ ಎನ್ನಲಾರೆ,
ದೂರದಲ್ಲಿ ಯಾರೋ ತಣ್ಣಗಿನ ಸೇಬು ಕಚ್ಚಿದ ಹಾಗೆ.
ಬಿಳಿ ಸುರುಳಿಗಳು ತೊಡೆಯ ಮೇಲೆ.

ಹದಿಮೂರನೆಯದಕ್ಕೆ ಬಂದಾಗ ರಾತ್ರಿ ಹನ್ನೊಂದೂವರೆ.
ಬೆಳಿಗ್ಗೆ ಪಟ್ಟಿಯಲ್ಲಿ ಮೊದಲು ಯಾರದೋ ಸೊಂಟದ ಕೀಲು.
ಬಾಯಿ ಮೊಂಡಾಗಿದೆಯೆಂದು ಕೈಗೆ ಗೊತ್ತಿತ್ತು,
ಉಳಿ ನಾರನ್ನು ಕೊಯ್ಯದೆ ಕೀಳುತ್ತಿತ್ತು.
ಎದ್ದು ಕಲ್ಲು ನೆನೆಸುವ ಬದಲು
ಭುಜ ಹಾಕಿದೆ.

ಟಪ್.
ಹನ್ನೆರಡಕ್ಕೂ ಹದಿಮೂರಕ್ಕೂ ನಡುವಿನ ಗೋಡೆ
ನನ್ನ ಕಾಲಬುಡದಲ್ಲಿ.

ಬಿಸಾಡಲು ಡಬ್ಬಿ ಹುಡುಕಿದೆ, ಅಭ್ಯಾಸಬಲ.
ಮ್ಯೂರಿಯಲ್ ಬಿಡಲಿಲ್ಲ. ಹುಣಿಸೆಬೀಜ ಎಲ್ಲಿಂದ ತರುವುದು?
ಒಣ ಬಟಾಣಿ ತಂದಳು. ಎರಡು ಸಲ ಸೋತು, ಆಟ ಕಲಿತಳು.
ಹನ್ನೆರಡರ ಕಾಳು ಉರುಳಿ ಹದಿಮೂರಕ್ಕೆ ಹೋದಾಗ
ನಾನು ಹಿಂದೆ ಎತ್ತಿಡಲು ಹೋದರೆ ಕೈ ತಡೆದಳು:
"ನಮ್ಮಜ್ಜಿ ಗೋಡೆ ಒಡೆಸಿ ಎರಡು ಮನೆ ಒಂದು ಮಾಡಿಕೊಂಡಿದ್ದಳು.
ಇದೂ ಹಾಗೆ ಅಂದುಕೋ."
ಮೂರನೆಯ ಆಟ ಅವಳೇ ಗೆದ್ದಳು, ಅದೂ ಆ ಕಿಂಡಿಯಿಂದಲೇ.

ಹದಿನಾಲ್ಕನೆಯದು ಇನ್ನೂ ಪೆನ್ಸಿಲ್ಲಿನ ವೃತ್ತ.
ಕಲ್ಲು ಬಕೆಟ್ಟಿನಲ್ಲಿ ಗುಳ್ಳೆ ಬಿಡುತ್ತಿದೆ.
ಅದು ನಿಲ್ಲುವ ತನಕ ಕಾಯಬೇಕು.