ಯಾರ ಎಡ?

ನನ್ನ ಅಂಗಡಿಯೆಂದರೆ ಒಂದು ಕಂಟೇನರ್.
ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು,
ವಾಪಸು ಹೋಗಲು ಸರಕಿಲ್ಲದೆ
ಉಲಾನ್‌ಬಾತರಿನಲ್ಲೇ ಉಳಿದುಹೋದ ಕಬ್ಬಿಣದ ಪೆಟ್ಟಿಗೆ.
ಒಳಗೆ ಬೇರಿಂಗು, ಬೆಲ್ಟು, ಬ್ರೇಕಿನ ಪ್ಯಾಡು;
ಸೂರಿನಿಂದ ಚಳಿಗಾಲದ ಒಣಮಾಂಸದ ಹಾಗೆ
ಸಾಲಾಗಿ ಜೋತಿರುವ ಆಕ್ಸಲಿನ ರಬ್ಬರ್ ಬೂಟುಗಳು.

ಮೈನಸ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಚುಲ್ತೆಮ್ ಬಂದ,
ಆರ್ವೈಹೇರಿನಿಂದ ರಾತ್ರಿಯಿಡೀ ಓಡಿಸಿಕೊಂಡು.
ಪತ್ರಿಕೆಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟು ಬಿಡಿಸಿದ:
ಮಡಿಕೆ ಮಡಿಕೆಯಾಗಿ ಸೀಳಿದ ಬೂಟು,
ಕಮ್ಮಾರನ ತಿದಿಯ ಮರಿಯೊಂದು ಉಸಿರುಬಿಟ್ಟ ಹಾಗೆ.
ಅದಿದ್ದ ಜಾಗದಲ್ಲೀಗ ಹಿಟ್ಟಿನ ಚೀಲ,
ಸೈಕಲ್ ಟ್ಯೂಬು, ಮೂರು ಸುತ್ತು ತಂತಿ.

‘ನಂಬರ್ ಇದರ ಮೇಲೇ ಇದೆ, ತಂಗಿ.’
‘ಅದು ಅಚ್ಚಿನ ನಂಬರ್, ಅಣ್ಣ.
ಮಡಕೆಯ ತಳದಲ್ಲಿ ಕುಂಬಾರನ ಹೆಬ್ಬೆಟ್ಟು ಇದ್ದ ಹಾಗೆ.
ಅದನ್ನು ಹಿಡಿದು ಮಡಕೆ ಕೊಳ್ಳಲಾಗದು.
ಯಾವ ಬದಿಯದು?’
‘ಹತ್ತುವ ಬದಿಯದು.’

ಕುದುರೆಯನ್ನು ಹತ್ತುವುದು ಎಡದಿಂದ.
ಜಪಾನಿನ ವ್ಯಾನನ್ನು ಹತ್ತುವುದು ಬಲದಿಂದ.
‘ಎಡವೋ ಬಲವೋ ಹೇಳು.’ ‘ಎಡ.’
‘ಯಾರ ಎಡ? ಕೂತವನದೋ,
ಎದುರು ನಿಂತು ಬಾನೆಟ್ ಎತ್ತಿದವನದೋ?’
ಹೊರಗೆ ಹೋದ, ಸೀಟಿನಲ್ಲಿ ಕೂತ,
ಗಾಜಿನೊಳಗಿಂದ ಒಂದು ಕೈ ಎತ್ತಿ ತೋರಿಸಿದ.
ಆಣೆಯಿಡುವವನ ಮುಖ.

ಬಾಗಿಲ ಚೌಕಟ್ಟಿನ ತಗಡಿನಿಂದ ಜಾತಕ ಬರೆದುಕೊಂಡೆ:
ಅಕ್ಷರ ಐದು, ಅಂಕೆ ಏಳು, ಹುಟ್ಟಿದ್ದು ಮಾರ್ಚಿ.
ಕ್ಯಾಟಲಾಗು ಒಂದು ಬೂಟನ್ನು ಫೆಬ್ರವರಿಗೆ ನಿಲ್ಲಿಸಿತ್ತು,
ಇನ್ನೊಂದನ್ನು ಏಪ್ರಿಲಿಗೆ ಶುರುಮಾಡಿತ್ತು.
ನಡುವಿನ ಆ ಮೂವತ್ತೊಂದು ದಿನ
ಆ ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದರೋ!

ಹಳೆಯ ನಂಬರಿನ ಬದಲಿಗೆ ಹೊಸ ನಂಬರು,
ಅದರ ಬದಲಿಗೆ ಇನ್ನೂ ಹೊಸದು,
ಮಗ, ಮೊಮ್ಮಗ, ಮರಿಮಗ,
ಕೊನೆಗೆ ಒಂದು ಸಾಲು: ಉತ್ಪಾದನೆ ನಿಂತಿದೆ.
ವಂಶ ಮುಗಿಯಿತು.

‘ನನ್ನ ಹತ್ತಿರ ನೂರ ನಲವತ್ತು ಕುದುರೆ,’ ಅಂದ ಚುಲ್ತೆಮ್,
‘ಒಂದಕ್ಕೂ ನಂಬರಿಲ್ಲ. ಬಣ್ಣ ಹೇಳಿದರೆ ಸಾಕು,
ಪಕ್ಕದ ಕಣಿವೆಯವನೂ ಹಿಡಿದು ತಂದಾನು.’
‘ಇದರ ಬಣ್ಣ ಕಪ್ಪು,’ ಅಂದೆ. ‘ಎಲ್ಲದರದೂ ಕಪ್ಪು.’

ಆಮೇಲೆ ಪುಸ್ತಕ ಮುಚ್ಚಿದೆ, ವರ್ನಿಯರ್ ತೆಗೆದೆ.
ಸಣ್ಣ ಬಾಯಿ ಇಪ್ಪತ್ತಾರು,
ದೊಡ್ಡ ಬಾಯಿ ಎಂಬತ್ತೆರಡು,
ಎತ್ತರ ನೂರಕ್ಕೆ ಎರಡು ಕಮ್ಮಿ, ಮಡಿಕೆ ಆರು.
ಏಣಿ ಹತ್ತಿ ಒಂದೊಂದನ್ನೂ ಹಿಸುಕಿ, ಅಳೆದು, ಬಿಟ್ಟು
ಹದಿನೇಳನೆಯದರಲ್ಲಿ ಸಿಕ್ಕಿತು:
ಯಾವುದೋ ಪುಟ್ಟ ಸಲೂನ್ ಕಾರಿನದು,
ಟೀಚರಮ್ಮಂದಿರು ಓಡಿಸುವಂಥದು.
ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಚುಲ್ತೆಮ್ ತಲೆಯಾಡಿಸಿದ.
ಹೆಸರನ್ನು ಬಿಡು, ಬಾಯಿ ನೋಡು ಅಂದೆ.

ದುಡ್ಡು ಮುಟ್ಟುವ ಮೊದಲು ನನ್ನದೊಂದು ನೇಮ.
‘ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ
ಅಂಗಳದಲ್ಲಿ ಒಂದು ಸುತ್ತು ಹೊಡಿ.’
ಹಿಮ ನುರಿಯುವ ಸದ್ದು, ಎಂಜಿನ್ನಿನ ಗೊಗ್ಗರು ದನಿ,
ಅವುಗಳ ಅಡಿಯಲ್ಲಿ,
ಟಕ್.
ಮತ್ತೆ ಅರ್ಧ ಸುತ್ತು. ಟಕ್, ಟಕ್.

‘ಏನೂ ಇಲ್ಲ ಅಲ್ಲವಾ?’ ಕಿಟಕಿ ಇಳಿಸಿ ಕೇಳಿದ.
ಅವನ ಕಿವಿಗೆ ಅರವತ್ತೆಂಟು ಚಳಿಗಾಲ.
ಸುಳ್ಳು ಹೇಳಿದ್ದರೆ ಸಂಜೆಯ ಕಲ್ಲಿದ್ದಲಿಗಾಗುತ್ತಿತ್ತು.
‘ಕೀಲಿಗೇ ಮರಳು ಹೋಗಿದೆ, ಅಣ್ಣ.
ಬೂಟು ಹಾಕಿದರೆ ಮುರಿದ ಕಾಲಿಗೆ ಕಾಲುಚೀಲ ತೊಡಿಸಿದ ಹಾಗೆ.
ಇಡೀ ಆಕ್ಸಲೇ ಬೇಕು. ಅದು ನನ್ನಲ್ಲಿಲ್ಲ.
ಇದ್ದರೂ, ನಿನ್ನ ಜೇಬಿನಲ್ಲಿಲ್ಲ.’

ತುಂಬಾ ಹೊತ್ತು ನಶ್ಯದ ಬಾಟಲಿ ತಿರುಗಿಸುತ್ತಾ ಕೂತ.
‘ನಮ್ಮ ಬೂದು ಹೆಣ್ಣುಕುದುರೆಯ ಮಂಡಿಯೂ
ಹೀಗೇ ಟಕ್ಕೆನ್ನುತ್ತದೆ. ಹನ್ನೊಂದು ವರ್ಷವಾಯಿತು.
ಇಳಿಜಾರಿನಲ್ಲಿ ನಾನು ಅದನ್ನು ಅವಸರಪಡಿಸುವುದಿಲ್ಲ.
ಕಾಲುಚೀಲ ಕೊಡು. ಎರಡು ಕೊಡು.’

ಪಕ್ಕದ ಕಂಟೇನರಿನ ದೋರ್ಲಿಗ್ ಕವಿಚಿ ಮಲಗಿ ಮರಳು ತೊಳೆದ,
ಗ್ರೀಸು ತುಂಬಿದ, ಪಟ್ಟಿ ಬಿಗಿದ.
ದುಡ್ಡು ಸಾಲದ್ದಕ್ಕೆ ಒಂದು ಚೀಲ ಒಣಮೊಸರು.
ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ, ಹಲ್ಲಿಗೆ ಸವಾಲು.

ಕಂಟೇನರಿನ ಬಾಗಿಲ ಒಳಮೈಯಲ್ಲಿ ಬಣ್ಣದಿಂದ ಬರೆದೆ:
ಮಾರ್ಚಿಯ ವ್ಯಾನು, ಎಡ, ಹೊರಗಿನದು = ಟೀಚರಮ್ಮನ ಕಾರು.
ಕೆಳಗೆ, ಚಿಕ್ಕದಾಗಿ: ಕೂತವನ ಎಡ.

ಆರ್ವೈಹೇರಿಗೆ ಹೋಗುವವರು ಗೇಟಿನಲ್ಲಿ ಬಲಕ್ಕೆ ತಿರುಗಬೇಕು.
ಚುಲ್ತೆಮ್ ಎಡಕ್ಕೆ ತಿರುಗಿದ.
ಟೈರಂಗಡಿಯ ಹಿಂದೆ ಮತ್ತೆ ಎಡಕ್ಕೆ,
ಚಹಾ ಡೇರೆಯ ಹತ್ತಿರ ಇನ್ನೊಮ್ಮೆ ಎಡಕ್ಕೆ,
ಮೆಲ್ಲಗೆ, ಒಂದೂ ಟಕ್ಕಿಲ್ಲದೆ,
ಹೆದ್ದಾರಿಗೆ ಸೇರಿಕೊಂಡ.